ಝಡ್ ಒತ್ತಿದರೆ ದಿವಂಗತ

2023ರ ಆಗಸ್ಟ್ ತಿಂಗಳ ಒಂದು ಗುರುವಾರ ನಮ್ಮ ಪತ್ರಿಕೆಯ ನಗರ ಪುರವಣಿಯ ಮೂರನೇ ಪುಟದಲ್ಲಿ, ಕೆ.ಆರ್. ಪುರದ ಆಚೆಗಿನ ಒಂದು ಕೆರೆ ಸಮಿತಿಯ ಐವರು ಸದಸ್ಯರ ಚಿತ್ರಗಳು ಕಪ್ಪು ಅಂಚಿನೊಂದಿಗೆ ಪ್ರಕಟವಾದವು. ಐದೂ ಹೆಸರುಗಳಿಗೆ ಮೊದಲು ‘ದಿವಂಗತ’ ಎಂದಿತ್ತು. ಐವರೂ ಬದುಕಿದ್ದರು. ಮೂವರು ಅದನ್ನು ಬೆಳಗಿನ ಕಾಫಿಯ ಜೊತೆ ತಾವೇ ಓದಿದರು. ಉಳಿದಿಬ್ಬರಿಗೆ ನೆಂಟರು ಫೋನ್ ಮಾಡಿ ತಿಳಿಸಿದರು.

ಆಗ ನಾನು ಆ ಪತ್ರಿಕೆಯ ಫೋಟೊ ಲೈಬ್ರರಿಯ ಮುಖ್ಯಸ್ಥನಾಗಿದ್ದೆ. ಮರುವರ್ಷ ನಿವೃತ್ತನಾದೆ. ಈಗ ಆ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಈ ಘಟನೆಯನ್ನು ಕಟ್ಟುಕಥೆ ಎಂದುಕೊಂಡಿದ್ದಾರೆಂದು ಕೇಳಿದ್ದೇನೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ಮೊದಲು ಕೆಲಸ ಹೇಗಿತ್ತು ಎಂಬುದು ಗೊತ್ತಾಗಬೇಕು. ಶಿವಾಜಿನಗರದ ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಲೈಬ್ರರಿ. ಹಳೆಯ ಫೋಟೊಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಂದು ಸರ್ವರ್‌ಗೆ ತುಂಬಿದ್ದರು. ಮೌಸ್ ಹಿಡಿದು ಫೋಲ್ಡರ್ ತೆರೆದರೆ ಕಂಪ್ಯೂಟರ್ ಅಲ್ಲಿರುವ ಅಷ್ಟೂ ಚಿತ್ರಗಳ ಪುಟ್ಟ ರೂಪವನ್ನು ತೋರಿಸಲು ಹೊರಟು ಅರ್ಧ ದಾರಿಯಲ್ಲಿ ನಿಂತುಬಿಡುತ್ತಿತ್ತು. ಪುಟ ಸಿದ್ಧಪಡಿಸುವ ಡೆಸ್ಕ್‌ನಿಂದ ‘ಫೋಟೊ ಎಲ್ಲಿ’ ಎಂಬ ಫೋನ್ ಬರುತ್ತಿತ್ತು. ನಾವು ಪರದೆಯ ಮೇಲೆ ತಿರುಗುತ್ತಿದ್ದ ಚಕ್ರ ನೋಡುತ್ತ ‘ಬರ್ತಾ ಇದೆ’ ಎನ್ನುತ್ತಿದ್ದೆವು.

ಇದಕ್ಕೆ ಮದ್ದು ತಂದವನು ನಜೀರ್. ಫ್ರೇಜರ್ ಟೌನ್‌ನವನು, ಮೂವತ್ತರ ಆಸುಪಾಸು, ಸಿಸ್ಟಮ್ಸ್ ವಿಭಾಗದಲ್ಲಿ ವರ್ಷ ವರ್ಷದ ಗುತ್ತಿಗೆಯ ಮೇಲೆ ಇದ್ದ. ಅದಕ್ಕೆ ಮೊದಲು ವೈಟ್‌ಫೀಲ್ಡ್‌ನ ಒಂದು ಕಂಪನಿಯಲ್ಲಿದ್ದ. “ಸಾರ್, ನನ್ನ ಮಗಳು ಮೊದಲ ಸಲ ನಡೆದಿದ್ದನ್ನ ಟಿನ್ ಫ್ಯಾಕ್ಟರಿ ಸಿಗ್ನಲ್‌ನಲ್ಲಿ ಬಸ್ಸಲ್ಲಿ ನಿಂತ್ಕೊಂಡು ವಿಡಿಯೋದಲ್ಲಿ ನೋಡ್ದೆ. ಅವ್ಳು ಮನೆಯೆಲ್ಲಾ ಸುತ್ತಿ ಬಂದ್ಲು, ಬಸ್ ಒಂದು ಇಂಚು ಹೋಗ್ಲಿಲ್ಲ” ಎಂದು ಒಮ್ಮೆ ಹೇಳಿದ್ದ. ನಮ್ಮ ಆಫೀಸಿಗೆ ಮನೆಯಿಂದ ನಡೆದೇ ಬರುತ್ತಿದ್ದ. ಇಲ್ಲಿಯ ಗುತ್ತಿಗೆ ಹೋದರೆ ಮತ್ತೆ ಅದೇ ಬಸ್ಸು ಎಂಬುದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅವನು ಹಾಕಿಕೊಟ್ಟದ್ದು ಟರ್ಮಿನಲ್‌ನಲ್ಲಿ ಓಡುವ ಒಂದು ಫೈಲ್ ಮ್ಯಾನೇಜರ್. ಕಪ್ಪು ಪರದೆ, ಬಿಳಿ ಅಕ್ಷರ, ಮೌಸ್ ಇಲ್ಲ. ಎಡಗಡೆ ಫೋಲ್ಡರ್‌ಗಳ ಹೆಸರು, ನಡುವೆ ಫೈಲ್‌ಗಳ ಹೆಸರು, ಬಲಗಡೆ ಕರ್ಸರ್ ನಿಂತಿರುವ ಒಂದೇ ಒಂದು ಚಿತ್ರ. ಎಲ್ಲವೂ ಕೀಬೋರ್ಡಿನಲ್ಲೇ. ನನ್ನ ಎದುರಿನ ಮೇಜಿನಲ್ಲಿ ಕೂರುತ್ತಿದ್ದ ಸ್ಟೆಲ್ಲಾ ಅದನ್ನು ಮೊದಲ ಸಲ ನೋಡಿ, “ಇದೇನ್ ಪಾ, ಕರೆಂಟ್ ಹೋಗಿರೋ ಥರ ಇದೆ” ಎಂದರು. ಸ್ಟೆಲ್ಲಾ ಕಾಕ್ಸ್ ಟೌನ್‌ನವರು, ಲೈಬ್ರರಿಯಲ್ಲಿ ನನಗಿಂತ ಹಿರಿಯರು. ಒಂದು ವಾರದಲ್ಲಿ ಅವರ ಬೆರಳುಗಳು ಡೆಸ್ಕ್‌ನವರ ಫೋನಿಗಿಂತ ವೇಗವಾದವು.

ಆ ಪ್ರೋಗ್ರಾಮಿನ ನಿಜವಾದ ಸುಖ ಅದರ ವೇಗದಲ್ಲಿ ಇರಲಿಲ್ಲ. ನಮಗೆ ಬೇಕಾದ ಕೆಲಸವನ್ನು ಅದಕ್ಕೆ ಕಲಿಸಬಹುದಿತ್ತು. ಪ್ಲಗಿನ್ ಎಂಬ ಮಾತು ಕೇಳಿ ಹೊಸಬರು ಹೆದರುತ್ತಾರೆ. ಹೆದರುವಂಥದ್ದೇನಿಲ್ಲ. ಒಂದು ಫೈಲಿನಲ್ಲಿ ಕೆಲವು ಸಾಲು ಆಜ್ಞೆ ಬರೆದು, ಅದನ್ನು ಗೊತ್ತಾದ ಜಾಗದಲ್ಲಿ ಇಟ್ಟು, ಸೆಟ್ಟಿಂಗ್ಸ್‌ನಲ್ಲಿ ಒಂದು ಕೀಗೆ ಕಟ್ಟಿದರೆ ಮುಗಿಯಿತು. ಆ ಕೀ ಒತ್ತಿದಾಗ ಫೈಲ್ ಮ್ಯಾನೇಜರ್ ‘ಇಗೋ, ಈ ಚಿತ್ರ’ ಎಂದು ಪ್ಲಗಿನ್ ಕೈಗೆ ಕೊಡುತ್ತದೆ. ಮುಂದಿನದು ಪ್ಲಗಿನ್‌ನ ಕೆಲಸ.

ನಾವು ಮೊದಲು ಕೇಳಿದ್ದು ನಗುವಿನ ಪ್ಲಗಿನ್. ಚುನಾವಣೆಯಲ್ಲಿ ಸೋತ ಮಾಜಿ ಸಚಿವರೊಬ್ಬರ ಸುದ್ದಿಗೆ ಅವರು ಬಾಯ್ತುಂಬ ನಗುತ್ತಿರುವ ಫೋಟೊ ಹೋಗಿತ್ತು. ಬೆಳಿಗ್ಗೆ ಅವರೇ ಫೋನ್ ಮಾಡಿ, “ಸೋತಿದ್ದಕ್ಕೆ ಇಷ್ಟು ಖುಷಿಯಾಗಿರೋನು ನಾನೊಬ್ನೇ ಅಂತ ತೋರಿಸಿದ್ದೀರಿ” ಎಂದರು. ಅಂದಿನಿಂದ ಫೈಲಿನ ಹೆಸರಿನಲ್ಲೇ ‘ನಗು’, ‘ಗಂಭೀರ’ ಎಂದು ಬರೆಯತೊಡಗಿದೆವು. ಜಿ ಕೀ ಒತ್ತಿದರೆ ನಗುವ ಚಿತ್ರಗಳೆಲ್ಲ ಪಟ್ಟಿಯಿಂದ ಮರೆಯಾಗುವಂತೆ ನಜೀರ್ ಬರೆದುಕೊಟ್ಟ. ನಮ್ಮ ಸುದ್ದಿ ಸಂಪಾದಕರಾದ ಸಂಪಂಗಿಯವರ ಫೋಲ್ಡರಿನಲ್ಲಿ ಜಿ ಒತ್ತಿದರೆ ಒಂದು ಚಿತ್ರವೂ ಮರೆಯಾಗುತ್ತಿರಲಿಲ್ಲ. ಬೇಸರವಾದಾಗ ಸ್ಟೆಲ್ಲಾ ಅದನ್ನು ಒತ್ತಿ ನೋಡುತ್ತಿದ್ದರು.

ಎರಡನೆಯದು ದಿವಂಗತ ಪ್ಲಗಿನ್. ಗಣ್ಯರು ಯಾರಾದರೂ ತೀರಿಕೊಂಡರೆ ಅವರ ಚಿತ್ರಕ್ಕೆ ತೆಳುವಾದ ಕಪ್ಪು ಅಂಚು ಹಾಕಿ, ಚಿತ್ರದೊಳಗೇ ಇರುವ ಶೀರ್ಷಿಕೆಯಲ್ಲಿ ಹೆಸರಿಗೆ ಮೊದಲು ‘ದಿವಂಗತ’ ಎಂದು ಸೇರಿಸುವುದು ಲೈಬ್ರರಿಯ ಪದ್ಧತಿ. ಕೈಯಲ್ಲಿ ಮಾಡಿದರೆ ಬಹಳ ಹೊತ್ತು ಹಿಡಿಯುತ್ತಿತ್ತು. ಒಂದು ಕೀಯಲ್ಲಿ ಆಗಬೇಕು ಎಂದೆವು. ಯಾವ ಕೀ ಎಂಬುದರ ಮೇಲೆ ಒಂದು ಮಧ್ಯಾಹ್ನವೇ ಹೋಯಿತು.

“ದಿವಂಗತಕ್ಕೆ ಡಿ ಕೊಡು” ಎಂದೆ ನಾನು.

“ಡಿ ಒತ್ತಿದ್ರೆ ಫೈಲೇ ಡಿಲೀಟ್ ಆಗುತ್ತೆ ಸಾರ್. ಸತ್ತೋರ ಫೋಟೊನೂ ಸಾಯ್ಬೇಕಾ?” ಎಂದ ನಜೀರ್.

“ಎಲ್ ಹಾಕು. ಲೇಟ್‌ಗೆ ಎಲ್” ಎಂದರು ಸ್ಟೆಲ್ಲಾ.

“ಎಲ್ ಅಂದ್ರೆ ಫೋಲ್ಡರ್ ಒಳಗೆ ಹೋಗೋದು ಮೇಡಂ. ನೀವು ದಿನಾ ಪೂರ್ತಿ ಅದನ್ನೇ ಒತ್ತೀರ. ಸಂಜೆಗೆ ಊರೇ ಖಾಲಿ.”

ದಿವಂಗತರಿಗೆ ಉರ್ದುವಿನಲ್ಲಿ ಹೇಳುವ ಮರ್ಹೂಮ್ ಎಂಬುದಕ್ಕೆ ಎಂ ಇರಲಿ ಎಂದು ಅವನು ಸೂಚಿಸಿದ. ಆದರೆ ಎಂ ಒತ್ತಿದರೆ ಮುಖ್ಯಮಂತ್ರಿಗಳ ಫೋಲ್ಡರ್ ತೆರೆಯುತ್ತಿತ್ತು. ಆ ಕೀಯನ್ನು ಈ ಕೆಲಸಕ್ಕೆ ಬದಲಿಸುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಗೆ ಯಾರೂ ಕೇಳದೆ ಬಿಟ್ಟಿದ್ದ ಝಡ್ ಅದಕ್ಕೆ ಹೋಯಿತು.

ಮೂರನೆಯದು ಕಳಿಸುವ ಪ್ಲಗಿನ್. ಪುಟಕ್ಕೆ ಬೇಕಾದ ಚಿತ್ರಗಳ ಮೇಲೆ ಸ್ಪೇಸ್ ಬಾರ್ ಒತ್ತಿ ಗುರುತು ಹಾಕಿಕೊಂಡು, ಒಂದು ಕೀ ಒತ್ತಿದರೆ ಅಷ್ಟೂ ಚಿತ್ರಗಳು ಪುಟ ಕಟ್ಟುವವರ ಪರದೆಯಲ್ಲಿ ಕೂರುತ್ತಿದ್ದವು. ಕೂರುತ್ತಿದ್ದದ್ದು ಚಿತ್ರದ ನಕಲಲ್ಲ. ನಮ್ಮ ಸರ್ವರ್‌ನಲ್ಲಿರುವ ಚಿತ್ರಕ್ಕೇ ಪುಟದಿಂದ ಕೊಂಡಿ. ಇಲ್ಲಿ ಚಿತ್ರ ಬದಲಾದರೆ ಅಲ್ಲಿ ಪುಟದಲ್ಲೂ ಬದಲಾಗುತ್ತದೆ. ಹೊಸಬರು ಈ ಸಾಲನ್ನು ಎರಡು ಸಲ ಓದಬೇಕು.

ಚಿತ್ರಗಳನ್ನು ಕಳಿಸಿದ ಮೇಲೆ ಗುರುತುಗಳು ತಾವಾಗಿಯೇ ಅಳಿಯುವಂತೆ ನಜೀರ್ ಮೊದಲು ಬರೆದಿದ್ದ. ಬೇಡ ಎಂದವರು ನಾವು. ನಮ್ಮ ಡೆಸ್ಕ್‌ನವರಿಗೆ ಒಂದು ಅಭ್ಯಾಸವಿತ್ತು. ಕಳಿಸಿದ ಚಿತ್ರವನ್ನು ಕಳೆದುಕೊಂಡು, ‘ಕಳಿಸೇ ಇಲ್ಲ’ ಎಂದು ಮತ್ತೆ ಕೇಳುತ್ತಿದ್ದರು. ಪ್ರತಿ ಪುಟಕ್ಕೂ ಒಮ್ಮೆ ಇದು ನಡೆಯುತ್ತಿತ್ತು. ಮತ್ತೆ ಹುಡುಕಿ ಮತ್ತೆ ಗುರುತು ಹಾಕುವುದೇಕೆಂದು, “ಗುರುತು ಹಾಗೇ ಇರಲಿ, ಎರಡನೇ ಸಲ ಕೇಳೇ ಕೇಳ್ತಾರೆ” ಎಂದು ಸ್ಟೆಲ್ಲಾ ಪಟ್ಟು ಹಿಡಿದರು. ನಜೀರ್ ಆ ಸಾಲು ತೆಗೆದ. ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಹೋದರೂ ಗುರುತು ಉಳಿಯುತ್ತಿತ್ತು.

ಆ ಗುರುವಾರದ ಹಿಂದಿನ ದಿನ, ಬುಧವಾರ ಸಂಜೆ, ಸ್ಟೆಲ್ಲಾ ಕೆರೆ ಉಳಿಸುವ ಹೋರಾಟದ ಸುದ್ದಿಗೆಂದು ಸಮಿತಿಯ ಐವರ ಚಿತ್ರಗಳಿಗೆ ಗುರುತು ಹಾಕಿ ಮೂರನೇ ಪುಟಕ್ಕೆ ಕಳಿಸಿದರು. ಡೆಸ್ಕ್‌ನವರು ಪ್ರೂಫ್ ಓದಿದರು, ಪುಟ ಸರಿಯಿತ್ತು. ಆ ದಿನ ಡೆಸ್ಕ್‌ನವರು ಚಿತ್ರಗಳನ್ನು ಕಳೆದುಕೊಳ್ಳಲಿಲ್ಲ. ಎರಡನೇ ಸಲ ಕೇಳಲಿಲ್ಲ. ಗುರುತುಗಳು ಹಾಗೆಯೇ ಉಳಿದವು. ಅಷ್ಟರಲ್ಲಿ ಮರ್ಫಿ ಟೌನ್‌ನ ಹಿರಿಯ ಫುಟ್‌ಬಾಲ್ ಆಟಗಾರರೊಬ್ಬರು ತೀರಿಕೊಂಡ ಸುದ್ದಿ ಬಂತು. ಸ್ಟೆಲ್ಲಾ ಕ್ರೀಡೆಯ ಫೋಲ್ಡರಿಗೆ ಹೋಗಿ, ಅವರ ಚಿತ್ರದ ಮೇಲೆ ಕರ್ಸರ್ ನಿಲ್ಲಿಸಿ ಝಡ್ ಒತ್ತಿದರು. ಮತ್ತೆ ಪರದೆ ನೋಡದೆ ಫೋನ್ ಎತ್ತಿ, ಚಿತ್ರ ಸಿದ್ಧವಿದೆ, ಅಲ್ಲಿಂದಲೇ ತೆಗೆದುಕೊಳ್ಳಿ ಎಂದು ಕ್ರೀಡೆಯ ಪುಟದವರಿಗೆ ಹೇಳಿದರು.

ಗುರುತು ಹಾಕಿದ ಫೈಲ್‌ಗಳಿದ್ದರೆ ಪ್ಲಗಿನ್‌ಗೆ ಅವು ಮಾತ್ರ ಸಿಗುತ್ತವೆ. ಗುರುತೇ ಇಲ್ಲದಿದ್ದಾಗ ಮಾತ್ರ ಕರ್ಸರ್ ಕೆಳಗಿನದು ಸಿಗುತ್ತದೆ. ಹೀಗಾಗಿ ತೀರಿಕೊಂಡ ಆಟಗಾರರಿಗೆ ಏನೂ ಆಗಲಿಲ್ಲ. ಬದುಕಿದ್ದ ಐವರಿಗೆ ಅಂಚು ಬಿತ್ತು. ಪುಟ ಅಚ್ಚಿಗೆ ಹೊರಡುವಾಗ ಕೊಂಡಿಯ ಮೂಲಕ ಹೊಸ ಚಿತ್ರಗಳನ್ನು ಎಳೆದುಕೊಂಡು ಹೊರಟಿತು. ಆಟಗಾರರ ಸುದ್ದಿ ಅಂಚಿಲ್ಲದ ಚಿತ್ರದೊಂದಿಗೆ ಬಂತು. ಅವರ ಪತ್ನಿ ಬೆಳಿಗ್ಗೆ ಫೋನ್ ಮಾಡಿ, ಒಳ್ಳೆಯ ಫೋಟೊ ಹಾಕಿದ್ದೀರಿ ಎಂದು ಧನ್ಯವಾದ ಹೇಳಿದರು.

ಎರಡನೇ ಫೋನ್ ನಾನು ಎತ್ತಿಕೊಂಡೆ.

“ಫೋಟೊ ಲೈಬ್ರರೀನಾ?”

“ಹೌದು, ಹೇಳಿ.”

“ನಾನು ದಿವಂಗತ ಮುನಿಯಪ್ಪ ಮಾತಾಡ್ತಿರೋದು.”

ಸುದ್ದಿಮನೆಯ ಫೋನ್‌ಗಳಲ್ಲಿ ಬಹಳ ವರ್ಷ ಕಳೆದವನು ನಾನು. ಅಭ್ಯಾಸಬಲದಿಂದ ಹೆಸರು ಬರೆದುಕೊಂಡೆ, ‘ದಿವಂಗತ’ ಸಮೇತ.

“ಯಾವಾಗ ಸತ್ತೆ, ಅದೊಂದು ಹೇಳ್ಬಿಡಿ ಸ್ವಾಮಿ” ಎಂದರು ಅವರು. “ಹೊಸಕೋಟೆಯಿಂದ ಬೀಗ್ರು ಹಾರ ತಕ್ಕೊಂಡು ಹೊರಟವ್ರೆ. ಬಂದ್ಮೇಲೆ ಕೇಳ್ತಾರೆ. ಶಾಮಿಯಾನದವನು ಆಗ್ಲೇ ಕಂಬ ಇಳಿಸ್ಬಿಟ್ಟವ್ನೆ, ಹೋಗು ಅಂದ್ರೂ ಹೋಗ್ತಿಲ್ಲ.”

ಹನ್ನೊಂದು ಗಂಟೆಯ ಸುಮಾರಿಗೆ ರಿಸೆಪ್ಷನ್‌ನಿಂದ ಕರೆ ಬಂತು. “ಸಾರ್, ಮೂರನೇ ಪುಟದೋರು ಬಂದಿದ್ದಾರೆ. ಐದು ಜನಾನೂ.”

ಐವರೂ ಒಂದೇ ಕಾರಿನಲ್ಲಿ ಬಂದಿದ್ದರು. ಹಿಂದೆ ರಾಗಿ ಬೆಳೆಯುತ್ತಿದ್ದ ಮನೆತನದವರು. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟುಗಳಿವೆ, ಕೆರೆ ಮಾತ್ರ ಉಳಿಯಬೇಕೆಂಬುದು ಅವರ ಹೋರಾಟ. ಮುನಿಯಪ್ಪ ಎಲ್ಲರಿಗಿಂತ ಹಿರಿಯರು. ಮಾತಿನಲ್ಲಿ ಮುಂದಿದ್ದವರು ಸಮಿತಿಯ ಕಾರ್ಯದರ್ಶಿ ಪಿಳ್ಳಪ್ಪ. ಸಂಪಂಗಿಯವರು ಅವರನ್ನು ತಾವೇ ಮೂರನೇ ಮಹಡಿಗೆ ಕರೆತಂದರು. ಸಂಪಂಗಿಯವರದು ಸದಾ ಇಸ್ತ್ರಿ ಮುರಿಯದ ಅಂಗಿ, ತಗ್ಗಿದ ದನಿ. ಕಣ್ತಪ್ಪಿನ ಬಗ್ಗೆ ಅವರ ಬಳಿ ಒಂದೇ ಸಿದ್ಧಾಂತವಿತ್ತು. ಅದು ಬೇರೆಯವರಿಂದ ಆಗುತ್ತದೆ ಎಂಬುದು.

“ನೋಡಿ, ಇವನೇ” ಎಂದು ಅವರು, ಬೆಳಗಿನಿಂದ ಲೈಬ್ರರಿಯಲ್ಲೇ ಇದ್ದ ನಜೀರ್ ಕಡೆ ಕೈ ತೋರಿಸಿದರು. “ಆ ಕೀ ಬರೆದಿದ್ದು ಇವನೇ. ಗುತ್ತಿಗೆ ಈ ತಿಂಗಳು ಮುಗಿಯುತ್ತೆ. ಮುಂದುವರಿಸಲ್ಲ. ಸಂಜೆಯೊಳಗೆ ಮುಖ್ಯ ಕಚೇರಿಗೆ ವರದಿ ಹೋಗುತ್ತೆ, ಹೆಸರು ಹಾಕಿಯೇ.”

ನಜೀರ್ ಎದ್ದು ನಿಂತಿದ್ದವನು ಹಾಗೇ ನಿಂತ.

“ಸಾರ್, ಒತ್ತಿದ್ದು ನಾನು” ಎಂದರು ಸ್ಟೆಲ್ಲಾ.

“ನೀವು ಸುಮ್ನಿರಿ ಸ್ಟೆಲ್ಲಾ. ಕೀ ಇದ್ರೆ ತಾನೇ ಒತ್ತೋದು.”

“ಗುರುತು ಉಳಿಸು ಅಂತ ಕೇಳಿದ್ದು ನಾವಿಬ್ಬರು” ಎಂದೆ ನಾನು.

“ನಿಮ್ಮದು ಆಮೇಲೆ ಮಾತಾಡೋಣ” ಎಂದರು ಸಂಪಂಗಿ.

ಪಿಳ್ಳಪ್ಪ ಕುರ್ಚಿ ಎಳೆದುಕೊಂಡು ಕೂತರು. “ಅದಿರ್ಲಿ ಸಾರ್. ಅದೆಂಗೆ ಸಾಯಿಸ್ತೀರ, ಒಸಿ ತೋರ್ಸಿ. ಊರಲ್ಲಿ ಕೇಳಿದ್ರೆ ಹೇಳ್ಬೇಕಲ್ಲ.”

ನಜೀರ್ ಕೀಬೋರ್ಡ್ ಕಡೆ ಕೈ ಚಾಚಿದ. ಸಂಪಂಗಿಯವರು ತಡೆದರು. “ಬೇಡ. ಕಣ್ಣು ಬಿಟ್ಕೊಂಡು ಕೆಲಸ ಮಾಡೋರಿಗೆ ಇದು ಆಗೋದೇ ಇಲ್ಲ ಅಂತ ನಾನೇ ತೋರಿಸ್ತೀನಿ” ಎಂದು ಸ್ಟೆಲ್ಲಾ ಅವರ ಕುರ್ಚಿಯಲ್ಲಿ ಕೂತರು.

ಹಿಂದಿನ ದಿನದ ಗುರುತುಗಳನ್ನು ಸ್ಟೆಲ್ಲಾ ಬೆಳಿಗ್ಗೆಯೇ ಅಳಿಸಿದ್ದರು. ಸಂಪಂಗಿಯವರು ಸಿಬ್ಬಂದಿಯ ಚಿತ್ರಗಳಲ್ಲಿ ತಮ್ಮ ಫೋಲ್ಡರ್ ತೆರೆದರು. ತಮ್ಮದೇ ಚಿತ್ರದ ಮೇಲೆ ಹೋಗಿ ಸ್ಪೇಸ್ ಬಾರ್ ಒತ್ತಿದರು. ಹೆಸರಿನ ಪಕ್ಕ ಹಳದಿ ಗುರುತು ಬಿತ್ತು. “ಉದಾಹರಣೆಗೆ ಇದು ನಾನು. ಇದು ಗುರುತು. ಇದರಿಂದ ಯಾರೂ ಸಾಯಲ್ಲ.” ಐವರೂ ತಲೆಯಾಡಿಸಿದರು. ಆಮೇಲೆ ಅವರು ಕ್ರೀಡೆಯ ಫೋಲ್ಡರಿಗೆ ಹೋದರು. “ಇವರು ಫುಟ್‌ಬಾಲ್ ಆಡ್ತಿದ್ದೋರು. ನಿಜವಾಗ್ಲೂ ತೀರಿಕೊಂಡಿದ್ದಾರೆ. ಇವರ ಮೇಲೆ ನಿಂತು, ಒಂದು ಸಲ ನೋಡಿ, ಝಡ್.”

“ಸಾರ್, ನಕ್ಕೊ... ಬೇಡ...” ಎಂದ ನಜೀರ್.

ಸಂಪಂಗಿಯವರು ಒತ್ತಿಯಾಗಿತ್ತು. ಆಟಗಾರರ ಚಿತ್ರ ಇದ್ದ ಹಾಗೇ ಇತ್ತು. “ಏನೂ ಆಗಲಿಲ್ಲವಲ್ಲ” ಎಂದರು.

ಸ್ಟೆಲ್ಲಾ ಮೆಲ್ಲಗೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

“ನಿಮ್ಮ ಫೋಲ್ಡರ್‌ಗೆ ಒಂದ್ಸಲ ಹೋಗಿ ಸಾರ್” ಎಂದ ನಜೀರ್.

ಅಲ್ಲಿ ಸಂಪಂಗಿಯವರು ಕಪ್ಪು ಅಂಚಿನೊಳಗೆ ಗಂಭೀರವಾಗಿ ಕೂತಿದ್ದರು. ಕೆಳಗೆ ‘ದಿವಂಗತ’ ಎಂದಿತ್ತು. ಮುನಿಯಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. “ಚೆನ್ನಾಗ್ ಬಂದೈತೆ” ಎಂದರು. “ನಮ್ದಕ್ಕಿಂತ ನಿಮ್ದೇ ವಾಸಿ.”

ನಗುವ ಹಾಗಿರಲಿಲ್ಲ. ಶುಕ್ರವಾರದ ಸಂಚಿಕೆಯಲ್ಲಿ ಸಂಪಂಗಿಯವರ ಅಂಕಣ ಇರುತ್ತಿತ್ತು. ಅದರ ನೆತ್ತಿಯ ಮೇಲೆ ಇದೇ ಚಿತ್ರ ಇರುತ್ತಿತ್ತು. ಆ ಪುಟ ಆಗಲೇ ತಯಾರಾಗಿ, ಕೊಂಡಿ ಬಿಗಿದುಕೊಂಡು, ಸಂಜೆಯ ಬಿಡುಗಡೆಗೆ ಕಾಯುತ್ತಿತ್ತು. ಅದು ಸಂಪಂಗಿಯವರಿಗೂ ಹೊಳೆಯಿತು.

“ವಾಪಸ್ ತಗೋ” ಎಂದರು.

“ವಾಪಸ್ ತಗೊಳ್ಳೋ ಕೀ ಇಲ್ಲ ಸಾರ್. ಹಳೇ ಚಿತ್ರ ಭದ್ರವಾಗಿದೆ, ಝಡ್ ಒತ್ತೋಕೆ ಮುಂಚೆ ಒಂದು ಕಾಪಿ ಬೇರೆ ಕಡೆ ಹೋಗುತ್ತೆ. ಆದ್ರೆ ಅದನ್ನ ವಾಪಸ್ ತಂದು, ಹೆಸರು ಸರಿಮಾಡಿ, ಕೊಂಡಿ ಕೂರಿಸೋ ಕಮಾಂಡ್ ಯಾರೂ ಕೇಳಿರ್ಲಿಲ್ಲ. ಇಷ್ಟು ವರ್ಷ ಯಾರೂ ಎದ್ದು ಬಂದಿರ್ಲಿಲ್ಲ.”

“ಕೈಯಲ್ಲೇ ಮಾಡು.”

“ಆರು ಜನ ಇದ್ದೀರಿ ಸಾರ್. ಕೈಯಲ್ಲಿ ಮಾಡೋಕ್ ಹೋಗಿ ಒಬ್ರ ಹೆಸರು ಇನ್ನೊಬ್ರಿಗೆ ಬಿದ್ರೆ ಕಷ್ಟ. ಕಮಾಂಡ್ ಬರೆಯೋದೇ ವಾಸಿ.” ನಜೀರ್ ಅಷ್ಟೇ ವಿನಯದಿಂದ ಕೇಳಿದ. “ಗುತ್ತಿಗೆಯಲ್ಲಿ ಇನ್ನೂ ಸ್ವಲ್ಪ ದಿನ ಉಳಿದಿದೆ ಸಾರ್. ಬರೀಲಾ, ಬೇಡ್ವಾ?”

ಸಂಪಂಗಿಯವರು ಐವರ ಕಡೆ ನೋಡಿದರು. ಐವರೂ ಅವರ ಕಡೆಯೇ ನೋಡುತ್ತಿದ್ದರು.

“ಬರೀಪ್ಪಾ” ಎಂದರು.

ನಜೀರ್ ಬರೆಯಲು ಕೂತ. ಸ್ಟೆಲ್ಲಾ ಕೆಳಗಿನ ಅಂಗಡಿಯಿಂದ ಚಹಾ ತರಿಸಿದರು. ಮುನಿಯಪ್ಪ ಸಕ್ಕರೆ ಕಾಯಿಲೆ ಎಂದು ಬರೀ ಹಾಲು ತೆಗೆದುಕೊಂಡರು. ಚಹಾ ಮುಗಿಯುವ ಹೊತ್ತಿಗೆ ಕಮಾಂಡ್ ತಯಾರಾಗಿ ಎ ಕೀಯ ಮೇಲೆ ಕೂತಿತ್ತು. ಈ ಸಲ ಕೀ ಒತ್ತಿದರೆ ಮೊದಲು ಹೆಸರುಗಳನ್ನು ತೋರಿಸಿ, ‘ಇವರೇನಾ?’ ಎಂದು ಕೇಳುವಂತೆ ಬರೆದಿದ್ದ. ಅದೇ ಪ್ರಶ್ನೆಯನ್ನು ಝಡ್‌ಗೂ ಸೇರಿಸಿದ್ದ.

“ಮೊದಲು ನನ್ನದು ಮಾಡು. ಪುಟ ಕಾಯ್ತಾ ಇದೆ” ಎಂದರು ಸಂಪಂಗಿ.

ಪಿಳ್ಳಪ್ಪ ಕೈ ಅಡ್ಡ ಹಿಡಿದರು. “ಅದೆಂಗಾಗ್ತದೆ ಸಾರ್? ನಾವು ನಿನ್ನೇನೇ ಸತ್ತಿರೋರು. ನೀವು ಈಗ ಸತ್ತವ್ರು. ಲೈನ್‌ನಾಗೆ ಬನ್ನಿ.”

ಲೈನಿನೊಳಗೂ ಜಗಳವಾಯಿತು. ಪುಟದಲ್ಲಿದ್ದ ಕ್ರಮದಲ್ಲೇ ಬದುಕಿಸಬೇಕೆಂದು ಒಬ್ಬರು. ಪುಟದ ಕ್ರಮವೇ ತಪ್ಪು, ಹಿರಿಯರಾದ ಮುನಿಯಪ್ಪನವರನ್ನು ಕೊನೆಗೆ ಹಾಕಿದ್ದೀರಿ, ಸತ್ತದ್ದಕ್ಕಿಂತ ಅದೇ ಅವರಿಗೆ ನೋವಾಗಿದೆ ಎಂದು ಇನ್ನೊಬ್ಬರು. ಕೊನೆಗೆ ವಯಸ್ಸಿನ ಪ್ರಕಾರ ಎಂದಾಯಿತು. ಮುನಿಯಪ್ಪ ತಮ್ಮ ಕೀ ತಾವೇ ಒತ್ತುವುದಾಗಿ ಹೇಳಿದರು. ‘ಇವರೇನಾ?’ ಎಂದು ಪರದೆ ಕೇಳಿತು. “ಊಂ, ನಾನೇ” ಎಂದು ಬಾಯಲ್ಲಿ ಉತ್ತರ ಕೊಟ್ಟರು. ನಜೀರ್ ಅವರ ಬೆರಳು ಹಿಡಿದು ಎಂಟರ್ ಮೇಲೆ ಇಟ್ಟ. ಅಂಚು ಹೋಯಿತು.

ಆರನೆಯವರಾಗಿ ಸಂಪಂಗಿಯವರು ಬದುಕಿಬಂದರು.

ತಿದ್ದುಪಡಿಯ ಒಕ್ಕಣೆಯನ್ನು ಐವರ ಎದುರಿಗೇ ಬರೆದೆವು. ‘ಆರೋಗ್ಯವಾಗಿದ್ದಾರೆ’ ಎಂದು ಹಾಕಿ ಎಂದರು ಪಿಳ್ಳಪ್ಪ. ಅದನ್ನು ನಾವು ಖಚಿತಪಡಿಸಿಕೊಂಡಿಲ್ಲ ಎಂದೆ. ಮುನಿಯಪ್ಪ ತಮ್ಮ ಹಾಲಿನ ಲೋಟ ನೋಡಿಕೊಂಡು, “ಸುಳ್ಳು ಬೇಡ ಬಿಡ್ಲಾ ಪಿಳ್ಳ” ಎಂದರು. ‘ಐವರೂ ಬದುಕಿದ್ದಾರೆ’ ಎಂದಷ್ಟೇ ಹೋಯಿತು. ಚಿತ್ರಗಳನ್ನು ವಯಸ್ಸಿನ ಕ್ರಮದಲ್ಲಿ ಹಾಕಿದೆವು.

ಹೊರಡುವಾಗ ಪಿಳ್ಳಪ್ಪ ಬಾಗಿಲಲ್ಲಿ ನಿಂತು, “ಸಾರ್, ಆ ವರದಿ ಅಂದ್ರಲ್ಲ, ಅದ್ರಲ್ಲಿ ನಮ್ದು ಐದು ಬರೀತೀರೋ, ನಿಮ್ದೂ ಸೇರ್ಸಿ ಆರು ಬರೀತೀರೋ?” ಎಂದು ಕೇಳಿದರು. ಸಂಪಂಗಿಯವರು ಲಿಫ್ಟಿನ ಗುಂಡಿ ಒತ್ತಿದರು.

ಮಧ್ಯಾಹ್ನ ಅವರು ವರದಿಯ ಕರಡನ್ನು ನನ್ನ ಮೇಜಿಗೆ ತಂದರು. ಕಳಿಸುವ ಮೊದಲು ಇನ್ನೊಬ್ಬರಿಗೆ ಓದಿಸುವುದು ಅವರ ಪದ್ಧತಿ. ಹೊಣೆಗಾರರು ಎಂಬ ಜಾಗದಲ್ಲಿ ನಜೀರ್‌ನ ಹೆಸರು ಒಂದೇ ಇತ್ತು. ನವೀಕರಣ ಬೇಡವೆಂಬ ಶಿಫಾರಸೂ ಇತ್ತು. ಸ್ಟೆಲ್ಲಾ ಅವರ ಪಕ್ಕದ ಮೇಜಿನಲ್ಲಿ ನಜೀರ್ ತನ್ನ ಚೀಲಕ್ಕೆ ಚಾರ್ಜರ್ ಹಾಕಿಕೊಳ್ಳುತ್ತಿದ್ದ.

“ವಾಸ್ತವಾಂಶ ಸರಿ ಇದೆ ಸಾರ್” ಎಂದೆ. “ಒಂದು ಬಿಟ್ಟುಹೋಗಿದೆ. ಬೆಳಿಗ್ಗೆ ಹನ್ನೊಂದೂವರೆಗೆ ಇದೇ ಕೀಯಿಂದ ಇನ್ನೊಂದು ಘಟನೆ ಆಯ್ತು. ಸಾಕ್ಷಿಗಳೂ ಇದ್ದಾರೆ. ಅದನ್ನ ಸೇರಿಸಿದ್ರೆ ವರದಿ ಪೂರ್ತಿಯಾಗುತ್ತೆ.”

“ಸೇರಿಸಲೇಬೇಕಾ?”

“ಅಪೂರ್ಣ ಸುದ್ದಿ ಹೋಗಬಾರದು ಅಂತ ನೀವೇ ಹೇಳಿದ್ದು ಸಾರ್.”

ಅವರು ಕರಡನ್ನು ತೆಗೆದುಕೊಂಡು ತಮ್ಮ ಕೋಣೆಗೆ ಹೋದರು. ಬಾಗಿಲು ಮುಚ್ಚಿತು. ನಜೀರ್ ಚೀಲದ ಜಿಪ್ ಎಳೆಯದೆ ಕೂತ. ಸ್ಟೆಲ್ಲಾ ಸಂಪಂಗಿಯವರ ಫೋಲ್ಡರ್ ತೆರೆದು ಜಿ ಒತ್ತಿ, ಮತ್ತೆ ಮುಚ್ಚಿದರು.

ಸಂಜೆ ಮುಖ್ಯ ಕಚೇರಿಗೆ ಹೋದ ವರದಿಯಲ್ಲಿ ಮೂರು ವಾಕ್ಯಗಳಿದ್ದವು. ಚಿತ್ರಗಳ ಮೇಲಿನ ಗುರುತುಗಳು ಅಳಿಯದೆ ಉಳಿದಿದ್ದರಿಂದ ತಪ್ಪಾಗಿದೆ. ಇನ್ನು ಮುಂದೆ ಹೆಸರು ತೋರಿಸಿ ಕೇಳುವ ವ್ಯವಸ್ಥೆಯನ್ನು ಸಿಸ್ಟಮ್ಸ್ ವಿಭಾಗದ ನಜೀರ್ ಅದೇ ದಿನ ಅಳವಡಿಸಿದ್ದಾರೆ. ಅವರ ಸೇವೆ ಮುಂದುವರಿಯುವುದು ಅಗತ್ಯ.

ನಜೀರ್‌ನ ಗುತ್ತಿಗೆ ಆ ತಿಂಗಳ ಕೊನೆಯಲ್ಲಿ ನವೀಕರಣವಾಯಿತು. ಅನಂತರದ ವರ್ಷಗಳಲ್ಲೂ ಆಗಿದೆ. ಅವನು ಈಗಲೂ ಮನೆಯಿಂದ ನಡೆದೇ ಬರುತ್ತಾನೆ. ಬದುಕಿಸುವ ಎ ಕೀಯನ್ನು ಕೊನೆಯ ಸಲ ಬಳಸಿದ್ದು ಕಳೆದ ಮಂಗಳವಾರವಂತೆ.